ಎಪ್ಪತ್ತೆರಡು ಕಾಜಾ, ಒಂದೇ ಕೈ

ಮೂವತ್ತೈದು ವರ್ಷಗಳ ಹಿಂದೆ ಕಾರ್ಗಲ್ಲಿನ ಶಾಲೆಯೊಂದರ ಮುನ್ನೂರ ಹನ್ನೆರಡು ಮಕ್ಕಳಿಗೆ ವಾಗ್ದೇವಿ ಹತ್ತೊಂಬತ್ತು ದಿನಗಳಲ್ಲಿ ಅಂಗಿ ಹೊಲಿಸಿಕೊಟ್ಟಿದ್ದರು. ಆಗ ಅವರ ಬಳಿ ಇದ್ದುದು ಕಾಲಿನಲ್ಲಿ ತುಳಿಯುವ ಐದು ಮೆಷಿನ್ನುಗಳು, ಶಾಲೆ ಬಿಟ್ಟು ಮನೆಯಲ್ಲಿ ಕುಳಿತಿದ್ದ ಏಳು ಹುಡುಗಿಯರು. ಹಳ್ಳಿಯ ಹೆಣ್ಣುಮಕ್ಕಳಿಂದ ಆಗುವ ಕೆಲಸ ಇದಲ್ಲವೆಂದು ಗುತ್ತಿಗೆದಾರನೊಬ್ಬ ಎಲ್ಲರ ಮುಂದೆ ನಕ್ಕಿದ್ದ.

ಮೊದಲ ನಲವತ್ತು ಅಂಗಿಗಳು ಐದನೆಯ ದಿನವೇ ಹಿಂದಿರುಗಿದವು. ಒಂದೇ ಒಗೆತಕ್ಕೆ ಗುಂಡಿ ತೂರಿಸುವ ಕಾಜಾಗಳ ಅಂಚು ಬಿಚ್ಚಿ ನೂಲು ನೂಲಾಗಿತ್ತು. ವಾಗ್ದೇವಿ ಅಷ್ಟನ್ನೂ ಬಿಚ್ಚಿಸಿದರು. ಬಟ್ಟೆ ಸೀಳುವ ಮೊದಲು ಗಂಜಿ ಸವರುವುದನ್ನೂ, ಕೊನೆಯ ನೂಲನ್ನು ಗಂಟು ಹಾಕದೆ ಎರಡು ಪದರಗಳ ನಡುವೆ ಹುದುಗಿಸುವುದನ್ನೂ ಕಲಿಸಿದರು. ಹತ್ತೊಂಬತ್ತನೆಯ ದಿನ ಮಧ್ಯಾಹ್ನ ಕೊನೆಯ ಮೂಟೆ ಶಾಲೆಯ ಜಗಲಿಗೆ ಇಳಿಯಿತು. ಮತ್ತೆ ಒಂದೂ ಅಂಗಿ ಹಿಂದಿರುಗಲಿಲ್ಲ. ಆ ಏಳು ಹುಡುಗಿಯರಲ್ಲಿ ಒಬ್ಬಳೂ ಆಮೇಲೆ ಕೆಲಸವಿಲ್ಲದೆ ಕುಳಿತವಳಲ್ಲ.

ಅವರಲ್ಲಿ ಕಿರಿಯವಳು ವಿಶಾಲ. ಕಾಜಾ ಮುಗಿದ ಮೇಲೂ, ಎಲ್ಲಿ ಬಿಚ್ಚಿಹೋದೀತೋ ಎಂಬ ಹೆದರಿಕೆಯಿಂದ, ಎಡಕ್ಕೆ ಓರೆಯಾಗಿ ಇನ್ನೊಂದು ಹೊಲಿಗೆ ಹಾಕಿಬಿಡುತ್ತಿದ್ದಳು. ವಾಗ್ದೇವಿ ಎಷ್ಟು ಗದರಿದರೂ ಆ ಕೈ ಆ ಅಭ್ಯಾಸವನ್ನು ಬಿಡಲಿಲ್ಲ.

ಈಗ, ಸಾಗರದ ಠಾಣೆಯ ಹಿಂಕೋಣೆಯಲ್ಲಿ, ಭೂತಗನ್ನಡಿಯ ಕೆಳಗೆ, ಆ ಓರೆ ಹೊಲಿಗೆಯನ್ನು ವಾಗ್ದೇವಿ ಎಪ್ಪತ್ತೆರಡು ಸಲ ಕಂಡರು.

ಮೇಜಿನ ಮೇಲೆ ಇಪ್ಪತ್ತನಾಲ್ಕು ಬಟ್ಟೆಯ ತುಂಡುಗಳು ಸಾಲಾಗಿ ಹರಡಿದ್ದವು. ಅಂಗಿಯ ಮುಂಭಾಗದಷ್ಟು ದೊಡ್ಡ ತುಂಡು, ಒಂದೊಂದಕ್ಕೂ ಕೈಯಲ್ಲಿ ಹಾಕಿದ ಮೂರು ಕಾಜಾ, ಮೂಲೆಗೆ ಚುಚ್ಚಿದ ಚೀಟಿಯಲ್ಲಿ ಅಭ್ಯರ್ಥಿಯ ಹೆಸರು. ಬಡ ಮನೆಗಳ ಹೆಣ್ಣುಮಕ್ಕಳಿಗೆ ಮೂರು ತಿಂಗಳು ಉಚಿತವಾಗಿ ಹೊಲಿಗೆ ಕಲಿಸಿ, ಪರೀಕ್ಷೆ ಮಾಡಿಸಿ, ಕಾರ್ಖಾನೆಯ ಕೆಲಸಕ್ಕೆ ಸೇರಿಸುವ ಸಾಗರದ ತರಬೇತಿ ಕೇಂದ್ರದಿಂದ ಅವನ್ನು ಹಿಂದಿನ ದಿನ ತರಿಸಲಾಗಿತ್ತು. ಒಂಬತ್ತನೆಯ ತುಂಡಿನ ಚೀಟಿಯಲ್ಲಿ ಕಾವ್ಯಾ ಎಂದು ಬರೆದಿತ್ತು. ಹೊಸನಗರದ ಕಡೆಯ ಹತ್ತೊಂಬತ್ತರ ಆ ಹುಡುಗಿ ಕಾಣೆಯಾಗಿ ಅಂದಿಗೆ ಹದಿನಾರು ದಿನ.

ಎದುರಿಗೆ ಕುಳಿತಿದ್ದ ಸಬ್ ಇನ್‌ಸ್ಪೆಕ್ಟರ್ ಶ್ರೀಗೌರಿಗೆ ಇಪ್ಪತ್ತೇಳು ವರ್ಷ. ಹೊಲಿಗೆಯ ಗಂಧವೂ ತನಗಿಲ್ಲವೆಂದು ಒಪ್ಪಿಕೊಂಡೇ, ಸರ್ಕಾರಿ ತರಬೇತಿ ಸಂಸ್ಥೆಯಿಂದ ನಿವೃತ್ತರಾದ ಈ ಹಿರಿಯ ಬೋಧಕಿಯ ನೆರವನ್ನು ಆಕೆ ಬೇಡಿದ್ದಳು.

"ಒಂದೇ ಕೈ ಅಂತ ಹೇಗೆ ಹೇಳ್ತೀರಿ ಟೀಚರ್? ನನಗೆ ಎಲ್ಲವೂ ಒಂದೊಂದು ತೂತು, ಅಷ್ಟೇ."

"ಕೆಲಸಕ್ಕೆ ಸೇರಿದ ಹೊಸದರಲ್ಲಿ ಬೆರಳಚ್ಚೂ ನಿನಗೆ ಹಾಗೇ ಕಂಡಿರಬೇಕು" ಎಂದು ವಾಗ್ದೇವಿ ಭೂತಗನ್ನಡಿಯನ್ನು ಅವಳ ಕಡೆ ತಳ್ಳಿದರು. "ಪ್ರತಿಯೊಂದರ ಎಡ ತುದಿ ನೋಡು. ಲೆಕ್ಕಕ್ಕೆ ಬೇಡದ ಒಂದು ಹೊಲಿಗೆ ಇದೆ."

ಶ್ರೀಗೌರಿ ನೋಡಿದಳು. ಒಂದನ್ನು ಬಿಟ್ಟು ಇನ್ನೊಂದನ್ನು, ಮತ್ತೆ ಮೊದಲಿನದನ್ನು ನೋಡಿದಳು. ಆಮೇಲೆ ನಿಧಾನವಾಗಿ, ಇದು ಯಾರ ಕೈ ಎಂದು ಕೇಳಿದಳು.

ವಾಗ್ದೇವಿ ತಮ್ಮ ಕಪ್ಪು ಕನ್ನಡಕವನ್ನು ತೆಗೆದು ಸೆರಗಿನಲ್ಲಿ ಒರೆಸಿದರು. ಎರಡು ವಾರದ ಹಿಂದಷ್ಟೇ ಪೊರೆ ತೆಗೆಸಿದ ಕಣ್ಣು ಅದು. ಅದಕ್ಕೆ ಲೋಕವೆಲ್ಲ ತೊಳೆದಿಟ್ಟ ಹಾಗೆ ಕಾಣುತ್ತಿತ್ತು. ಈ ಹೊತ್ತಿನಲ್ಲಿ ಅಷ್ಟು ಸ್ಪಷ್ಟವಾಗಿ ಕಾಣದಿದ್ದರೆ ಚೆನ್ನಾಗಿತ್ತೆಂದು ಅವರಿಗೆ ಅನ್ನಿಸಿತು.

"ಕೇಂದ್ರದ ಮುಖ್ಯಸ್ಥೆ ವಿಶಾಲಮ್ಮನದು. ನನ್ನ ವಿಶಾಲನ ಕೈ."

ಆ ಹೆಸರನ್ನು ಶ್ರೀಗೌರಿ ಬರೆದುಕೊಳ್ಳುವುದನ್ನು ಅವರು ನೋಡುತ್ತ ಕುಳಿತರು. ಮಗಳೆಂದು ಕೈಹಿಡಿದು ಬೆಳೆಸಿದವಳ ಹೆಸರು ಪೊಲೀಸಿನವರ ಪುಸ್ತಕದಲ್ಲಿ ಇಷ್ಟು ಚಿಕ್ಕದಾಗಿ ಕಾಣುತ್ತದೆಂದು ಅವರಿಗೆ ತಿಳಿದಿರಲಿಲ್ಲ.

ಇನ್ನೊಂದು ಸಂಗತಿಯನ್ನು ಹೇಳದೆ ಉಳಿಯುವಂತಿರಲಿಲ್ಲ. ಆ ಪರೀಕ್ಷೆಗೆ ಹೊರಗಿನ ಪರೀಕ್ಷಕಿಯಾಗಿ ಬಂದು, ಇಪ್ಪತ್ತನಾಲ್ಕು ಹುಡುಗಿಯರನ್ನೂ ಉತ್ತೀರ್ಣರೆಂದು ಬರೆದು ಸಹಿ ಹಾಕಿದವರು ವಾಗ್ದೇವಿಯೇ. ಆಗ ಕಣ್ಣಿನ ಪೊರೆ ಬಲಿತಿತ್ತು. ಕಾಣುತ್ತಿಲ್ಲವೆಂದು ಇಷ್ಟು ವರ್ಷದ ಬೋಧಕಿ ಹೇಳುವುದುಂಟೇ ಎಂಬ ಹಮ್ಮಿನಿಂದ, ಬೆರಳಿನಿಂದ ತಡವಿ ಅಂಕ ಕೊಟ್ಟಿದ್ದರು. ಬೆರಳಿಗೆ ಹೊಲಿಗೆ ಗಟ್ಟಿಯೆಂದು ತಿಳಿದಿತ್ತು, ಯಾರದೆಂದು ತಿಳಿದಿರಲಿಲ್ಲ. ಅದಕ್ಕೂ ಮಿಗಿಲಾಗಿ, ಪ್ರಮಾಣಪತ್ರ ಕೊಡುವ ದಿನ ಕೈಗೆ ಸಿಕ್ಕ ಒಂದು ತುಂಡನ್ನು ಎತ್ತಿ ಹಿಡಿದು, ಇಂಥ ಕಾಜಾ ಹಾಕುವವಳಿಗೆ ಎಲ್ಲಿ ಹೋದರೂ ಅನ್ನವಿದೆಯೆಂದು ಸಭೆಗೆ ಹೇಳಿದ್ದರು. ಅದು ಕಾವ್ಯಾಳದು.

ಶ್ರೀಗೌರಿ ನೀರಿನ ಲೋಟವನ್ನು ಅವರ ಕಡೆ ಸರಿಸಿದಳು.

ಬಟ್ಟೆಯ ತುಂಡುಗಳಿಂದ ಮೋಸವೇನೋ ಸಾಬೀತಾಯಿತು. ಆದರೆ ಹುಡುಗಿ ಸಿಗುವುದಿಲ್ಲ. ತಮಿಳುನಾಡಿನ ಗಾರ್ಮೆಂಟ್ ಕಾರ್ಖಾನೆಯೊಂದಕ್ಕೆ ಹೊರಟ ಹನ್ನೆರಡು ಹುಡುಗಿಯರ ಮೊದಲ ತಂಡದಲ್ಲಿ ಕಾವ್ಯಾಳ ಹೆಸರಿತ್ತು. ಮೂರನೆಯ ತಾರೀಕು ಬೆಳಿಗ್ಗೆ ತಂದೆ ಭೂತಪ್ಪ ಹೊಸನಗರದಲ್ಲಿ ಅವಳನ್ನು ಸಾಗರದ ಬಸ್ಸು ಹತ್ತಿಸಿದ್ದ. ಅಲ್ಲಿಂದ ಮುಂದೆ ಅವಳು ಫೋನು ಎತ್ತಿಲ್ಲ. ಹನ್ನೆರಡೂ ಜನ ಕೆಲಸದಲ್ಲಿದ್ದಾರೆಂದು ಕೇಂದ್ರ ಹೇಳುತ್ತಿತ್ತು. ಹತ್ತನೆಯ ತಾರೀಕಿನದೆಂದು ಒಬ್ಬೊಬ್ಬರ ಫೋಟೋವನ್ನೂ ಕೊಟ್ಟಿತ್ತು. ಹತ್ತೊಂಬತ್ತು ತುಂಬಿದ ಹುಡುಗಿ ದುಡಿಯುತ್ತಿರುವ ಚಿತ್ರ ಕಣ್ಣೆದುರಿಗಿರುವಾಗ ಕಡತವನ್ನು ತೆರೆದಿಡಲು ಕಾರಣವೇನೆಂದು ಮೇಲಧಿಕಾರಿ ಕೇಳಿದ್ದರು. ಸಂಜೆ ಐದಕ್ಕೆ ಶ್ರೀಗೌರಿ ಉತ್ತರ ಕೊಡಬೇಕಿತ್ತು.

ಆಕೆ ಫೋಟೋವನ್ನು ಮೊಬೈಲಿನಲ್ಲಿ ತೆರೆದು ಮುಂದಿಟ್ಟಳು. ಮೆಷಿನ್ನಿನ ಮೇಲೆ ಬಾಗಿದ ಮುಖ, ಎರಡು ಕೈಗಳು, ಸೂಜಿಯ ಕೆಳಗೆ ಬಿಳಿಯ ಬಟ್ಟೆ. ಹಿಂದೆ ಬರಿಯ ಗೋಡೆ. ಎಷ್ಟು ಸಲ ನೋಡಿದರೂ ತನಗೆ ಇದರಲ್ಲಿ ಏನೂ ಸಿಕ್ಕಿಲ್ಲವೆಂದಳು.

"ದೊಡ್ಡದು ಮಾಡು. ಮುಖವಲ್ಲ, ಸೂಜಿ."

ಶ್ರೀಗೌರಿ ಎರಡು ಬೆರಳುಗಳಿಂದ ಚಿತ್ರವನ್ನು ಹಿಗ್ಗಿಸಿದಳು. ಬಿಳಿಯ ಬಟ್ಟೆಯ ಮೇಲೆ ಬಹಳ ತೆಳುವಾದ ನೀಲಿ ಗೆರೆಗಳು ಕಂಡವು. ಒಂದು ಬದಿಗೆ ಕೆಂಪು ಗೆರೆ.

"ಸೂಜಿಯಲ್ಲಿ ದಾರ ಇದೆಯಾ?"

ದಾರವಿರಲಿಲ್ಲ.

"ಅದು ಬಟ್ಟೆಯಲ್ಲ ಮಗಾ, ನೋಟ್‌ಬುಕ್ಕಿನ ಹಾಳೆ. ಮೊದಲ ವಾರ ನಾವು ಯಾರಿಗೂ ಬಟ್ಟೆ ಕೊಡೋದಿಲ್ಲ. ದಾರ ಪೋಣಿಸದ ಸೂಜಿಯಲ್ಲಿ ಗೆರೆ ಹಾಳೆಯ ಮೇಲೆ ಹೊಲಿಸ್ತೀವಿ. ತೂತು ಗೆರೆ ಬಿಟ್ಟು ಹೋಗದೆ ಇದ್ದರೆ ಕೈ ನಿಂತಿತು ಅಂತ ಅರ್ಥ. ಯಾವ ಕಾರ್ಖಾನೆಯಲ್ಲೂ ಕಾಗದ ಹೊಲಿಯೋದಿಲ್ಲ."

ಆ ಫೋಟೋ ಹತ್ತನೆಯ ತಾರೀಕಿನದಲ್ಲ. ನಾಲ್ಕು ತಿಂಗಳ ಹಿಂದೆ ಕೇಂದ್ರದಲ್ಲೇ, ತರಬೇತಿಯ ಮೊದಲ ವಾರದಲ್ಲಿ ತೆಗೆದದ್ದು. ಅಂದರೆ ಹತ್ತನೆಯ ತಾರೀಕು ಕಾವ್ಯಾ ಆ ಕಾರ್ಖಾನೆಯಲ್ಲಿದ್ದಳು ಎನ್ನುವುದಕ್ಕೆ ಯಾರ ಬಳಿಯೂ ಏನೂ ಇಲ್ಲ.

ಶ್ರೀಗೌರಿ ಎದ್ದು ಟೋಪಿಯನ್ನು ಗೂಟಕ್ಕೆ ಸಿಕ್ಕಿಸಿದಳು. ವಿಶಾಲಮ್ಮ ಆ ದಿನ ತೀರ್ಥಹಳ್ಳಿಯ ಶಾಖೆಯಲ್ಲಿರುವಳೆಂದು ಗೊತ್ತಿತ್ತು. ಜೀಪಿನಲ್ಲಿ ಹೋದರೆ ದಾರಿಯಲ್ಲೇ ಸುದ್ದಿ ಮುಟ್ಟುತ್ತದೆ. ಸಮವಸ್ತ್ರ ಬದಲಿಸಿ, ವಾಗ್ದೇವಿಯವರು ಬಂದಿದ್ದ ಕಾರಿನಲ್ಲೇ ಹೊರಡುವುದೆಂದು ತೀರ್ಮಾನವಾಯಿತು.

ಕಾರು ವಾಗ್ದೇವಿಯವರ ತಮ್ಮನ ಮಗ ಗಿರಿಧರನದು. ನಲವತ್ತರ ಆಳು. ಸಾಗರದಲ್ಲಿ ಈ ಸೋದರತ್ತೆಯ ಮನೆಯಲ್ಲೇ ಇದ್ದುಕೊಂಡು ಬಾಡಿಗೆಗೆ ಕಾರು ಓಡಿಸುತ್ತಿದ್ದ. ಮಾತಿನ ಮಲ್ಲ. ಮಗಳ ಸುದ್ದಿ ಕೇಳಲು ಠಾಣೆಗೆ ಬಂದಿದ್ದ, ಹೊಸನಗರದವರೆಗೆ ಜೊತೆಗೆ ಬರುವ ಭೂತಪ್ಪನನ್ನು ತನ್ನ ಪಕ್ಕದಲ್ಲಿ ಕೂರಿಸಿಕೊಂಡು, ಶ್ರೀಗೌರಿಯನ್ನು ಕಂಡು, ಯೂನಿಫಾರ್ಮ್ ಇಲ್ಲದಿದ್ದರೆ ಮೇಡಮ್ಮನವರು ಕಾಲೇಜು ಹುಡುಗಿಯ ಹಾಗಿದ್ದಾರೆ, ಅರ್ಧ ಟಿಕೆಟ್ಟು ಸಾಕು ಎಂದ. ಶ್ರೀಗೌರಿಗೆ ನಗು ಬಂತು.

ಊರು ದಾಟಿದ ಮೇಲೆ ಅವನು ಕನ್ನಡಿಯಲ್ಲಿ ಅತ್ತೆಯ ಮುಖವನ್ನು ನೋಡಿದ.

"ಎಂತಕ್ಕೆ ಅತ್ತೆ ಇಷ್ಟು ತ್ರಾಸು? ಕಣ್ಣಿಗೆ ಗಾಳಿ ತಾಗ್ಲಾಗ ಹೇಳಿ ಡಾಕ್ಟ್ರು ಹೇಳಿದ್ದ. ಪೊಲೀಸಿನವ್ರ ಕೆಲಸ ಪೊಲೀಸಿನವ್ರಿಗೆ ಬಿಡು."

"ಗಾಜು ಏರ್ಸು, ಮಾತು ಇಳ್ಸು" ಎಂದರು ವಾಗ್ದೇವಿ.

ಗಾಜು ಏರಿತು. ಆಮೇಲೆ ಭೂತಪ್ಪ ತಾನಾಗಿ ಹೇಳತೊಡಗಿದ. ಗಾರೆ ಕೆಲಸದವರ ಜೊತೆ ಕಲ್ಲು ಹೊರುವ ಮನುಷ್ಯ. ಮಾತಿನ ನಡುವೆ ಸುಣ್ಣ ತಿಂದ ತನ್ನ ಅಂಗೈಗಳನ್ನು ತಾನೇ ನೋಡಿಕೊಳ್ಳುತ್ತಿದ್ದ. ಪ್ರಮಾಣಪತ್ರ ತಂದ ದಿನ ಇಡೀ ಕೇರಿಗೆ ಅದನ್ನು ತೋರಿಸಿ ಬಂದವನು ಅವನು. ಮಗಳು ಮಾತ್ರ ಊಟ ಮಾಡಲಿಲ್ಲ. ಮರುದಿನ ಕಟ್ಟು ಹಾಕಿಸಿ ಗೋಡೆಗೆ ತೂಗಿದರೆ, ಕೆಲಸದಿಂದ ಬರುವಷ್ಟರಲ್ಲಿ ಅದನ್ನು ತೆಗೆದು ಟ್ರಂಕಿನಲ್ಲಿ ಇಟ್ಟಿದ್ದಳು. ಹೊರಡುವ ದಿನ ಹತ್ತಿರವಾದಂತೆ, ತಾನು ಹೋಗುವುದಿಲ್ಲ, ಅಲ್ಲಿ ಕೂರಿಸಿದರೆ ತನಗೆ ಬರುವುದಿಲ್ಲ ಎಂದು ಎರಡು ಸಲ ಹೇಳಿದಳು. ದೂರದ ಊರಿನ ಹೆದರಿಕೆಯೆಂದು ಅವನು ತಿಳಿದ.

"ಮೂರು ತಿಂಗ್ಳು ಕಲ್ತು ಬರಲ್ಲ ಅಂದ್ರೆ ಯಾರು ನಂಬ್ತಾರೆ ಅಮ್ಮ? ದೊಡ್ಡ ಟೀಚರೇ ಹೊಗಳಿದಾರಲ್ಲ, ಹೋಗು ಅಂತ ಬೈದವ್ನೇ ನಾನು. ಬಸ್ಸಿಗೂ ನಾನೇ ಹತ್ಸಿದ್ದು."

ತಮ್ಮ ಹೊಗಳಿಕೆ ಆ ಮನೆಯೊಳಗೆ ಏನು ಮಾಡಿತ್ತೆಂಬುದು ವಾಗ್ದೇವಿಯವರಿಗೆ ಆಗ ತಿಳಿಯಿತು. ಹುಡುಗಿ ನಿಜ ಹೇಳಿದ್ದಳು. ಅದನ್ನು ಯಾರೂ ಕೇಳದಂತೆ ಮಾಡಿದ್ದು ತಮ್ಮ ಒಂದು ಮಾತು. ಅವರು ಮುಂದಕ್ಕೆ ಬಾಗಿ ಭೂತಪ್ಪನ ಹೆಗಲನ್ನು ಮುಟ್ಟಿದರು.

ಹೊಸನಗರದ ಬಸ್ ನಿಲ್ದಾಣದ ಎದುರು ಭೂತಪ್ಪ ಇಳಿದ. ಸಂಜೆಯೊಳಗೆ ಏನಾದರೂ ತಿಳಿದರೆ ಪಕ್ಕದ ಮನೆಯ ನಂಬರಿಗೆ ಫೋನು ಮಾಡಿ ಎಂದು ಕೈಮುಗಿದ. ಗಿರಿಧರ ಅವನಿಗೆ, ಧೈರ್ಯವಾಗಿರು ಮಾರಾಯ, ಹುಡುಗಿ ಎಲ್ಲೂ ಹೋಗುವುದಿಲ್ಲ ಎಂದು ಹೇಳಿ ಕಾರನ್ನು ತೀರ್ಥಹಳ್ಳಿಯ ದಾರಿಗೆ ತಿರುಗಿಸಿದ.

ತೀರ್ಥಹಳ್ಳಿಯ ಶಾಖೆ ಒಂದು ಗೊಬ್ಬರದಂಗಡಿಯ ಮೇಲಿನ ಮಹಡಿಯಲ್ಲಿತ್ತು. ಗಿರಿಧರ ಕೆಳಗೆ ಕಾರಿನ ಬಳಿ ನಿಂತ. ಹೆಂಗಸರಿಬ್ಬರೂ ಮೆಟ್ಟಿಲು ಹತ್ತಿದರು.

ಒಳಗೆ ಹದಿನೆಂಟು ಹುಡುಗಿಯರು, ಎರಡು ಮೆಷಿನ್ನುಗಳು. ಇಬ್ಬರು ಹಾಳೆ ಹೊಲಿಯುತ್ತಿದ್ದರು. ಉಳಿದವರು ಚಾಪೆಯ ಮೇಲೆ ಕುಳಿತು ತಮ್ಮ ಸರದಿಗೆ ಕಾಯುತ್ತಿದ್ದರು. ಗೋಡೆಯ ಮೇಲೆ ಕೆಲಸ ಸಿಕ್ಕವರ ಫೋಟೋಗಳನ್ನು ಒಪ್ಪವಾಗಿ ಅಂಟಿಸಿದ್ದರು.

ಗುರುವನ್ನು ಕಂಡೊಡನೆ ವಿಶಾಲಮ್ಮನ ಮುಖ ಅರಳಿತು. ಬಾಗಿ ಕಾಲು ಮುಟ್ಟಿದಳು. ಕಣ್ಣು ಈಗ ಹೇಗಿದೆ, ಹೇಳಿ ಕಳಿಸಿದ್ದರೆ ತಾನೇ ಸಾಗರಕ್ಕೆ ಬರುತ್ತಿದ್ದೆನಲ್ಲ ಎಂದಳು. ಐವತ್ತಮೂರರ ಹೆಂಗಸಾದರೂ ಅವರ ಮುಂದೆ ದನಿ ಇಂದಿಗೂ ಹುಡುಗಿಯದೇ. ಜೊತೆಯಲ್ಲಿ ಬಂದವಳು ಯಾರೆಂದು ಗುರುತಿಸಿದ ಮೇಲೆ ಆ ದನಿ ಸಣ್ಣದಾಯಿತು. ಹುಡುಗಿಯರನ್ನು ಊಟಕ್ಕೆ ಕಳಿಸಿ ಬಾಗಿಲು ಹಾಕಿಕೊಂಡಳು.

ವಾಗ್ದೇವಿ ಬಟ್ಟೆಯ ತುಂಡುಗಳನ್ನು ಹೊರಗೆ ತೆಗೆಯಲಿಲ್ಲ. ಚೀಲದಿಂದ ಎರಡು ಪದರದ ಹೊಸ ಬಿಳಿ ಬಟ್ಟೆ, ಸೂಜಿ, ದಾರದ ಉಂಡೆ ತೆಗೆದು ಮೇಜಿನ ಮೇಲಿಟ್ಟರು.

"ಒಂದು ಕಾಜಾ ಹಾಕು ವಿಶಾಲ. ನಾನು ನೋಡಬೇಕು."

"ಈಗಲಾ ಟೀಚರೇ?"

"ಈಗಲೇ. ಕಣ್ಣು ಹೊಸದು, ಏನಾದರೂ ಒಳ್ಳೇದು ನೋಡೋಣ ಅಂತ."

ವಿಶಾಲಮ್ಮ ಶ್ರೀಗೌರಿಯ ಮುಖವನ್ನು ನೋಡಿದಳು, ಗುರುವಿನ ಮುಖವನ್ನು ನೋಡಿದಳು. ಆಮೇಲೆ ಕುಳಿತು ದಾರ ಪೋಣಿಸಿದಳು. ಸೂಜಿ ನಡೆಯತೊಡಗಿದ ಮೇಲೆ ಅವಳ ಮೈಯ ಬಿಗುವೇ ಸಡಿಲವಾಯಿತು. ಒಂದರ ಪಕ್ಕದಲ್ಲಿ ಒಂದು, ಅಳೆದು ಕೂರಿಸಿದಂತೆ ಹೊಲಿಗೆಗಳು ಬಿದ್ದವು. ನೋಡುತ್ತಿದ್ದ ವಾಗ್ದೇವಿಯವರಿಗೆ, ಇಷ್ಟಾದ ಮೇಲೂ, ಒಳಗೊಳಗೇ ಹೆಮ್ಮೆಯಾಯಿತು. ಆ ಹೆಮ್ಮೆಯನ್ನು ಅವರು ಕ್ಷಮಿಸಿಕೊಳ್ಳಲಿಲ್ಲ.

ಸುತ್ತು ಮುಗಿಯಿತು. ಸೂಜಿ ಎಡ ತುದಿಗೆ ಬಂತು. ಅಭ್ಯಾಸದಿಂದ ಕೈ ಓರೆಯಾಗಿ ಬಾಗಿತು. ಬಟ್ಟೆಗೆ ತಾಗುವ ಮುನ್ನ ಗಾಳಿಯಲ್ಲೇ ನಿಂತುಬಿಟ್ಟಿತು.

"ಯಾಕೆ ನಿಲ್ಲಿಸಿದೆ? ಮೂವತ್ತೈದು ವರ್ಷ ನಾನು ಬೇಡ ಅಂದರೂ ಬಿಡದೆ ಹಾಕಿದವಳು ಇವತ್ತು ಯಾಕೆ ಬಿಟ್ಟೆ?"

ವಿಶಾಲಮ್ಮ ಸೂಜಿಯನ್ನು ಬಟ್ಟೆಗೆ ಚುಚ್ಚಿ ಕೈಗಳನ್ನು ಮಡಿಲಿನಲ್ಲಿಟ್ಟುಕೊಂಡಳು. ಅಳಲಿಲ್ಲ. ಶ್ರೀಗೌರಿ ಕೇಳಿದ್ದಕ್ಕೆಲ್ಲ ಒಂದೊಂದಾಗಿ ಉತ್ತರ ಕೊಟ್ಟಳು. ಹೊಸ ಮೆಷಿನ್ನುಗಳು ಬರುತ್ತವೆಂದು ಕಾದದ್ದು, ಪರೀಕ್ಷೆಗೆ ಹದಿನೈದು ದಿನ ಉಳಿದರೂ ಅವು ಬಾರದಿದ್ದುದು, ಇಪ್ಪತ್ತನಾಲ್ಕು ಹುಡುಗಿಯರು ಎರಡು ಹಳೆಯ ಮೆಷಿನ್ನಿನ ಮುಂದೆ ಸರದಿಯಲ್ಲಿ ಕಾಗದ ಹೊಲಿದೇ ಮೂರು ತಿಂಗಳು ಕಳೆದದ್ದು. ಕಾಜಾ ಹಾಕಲು ಕುಳಿತರೆ ಒಬ್ಬಳ ಕೈಯೂ ನಿಲ್ಲುತ್ತಿರಲಿಲ್ಲ. ಎರಡು ದಿನ ಬಾಗಿಲು ಹಾಕಿಕೊಂಡು ಎಪ್ಪತ್ತೆರಡನ್ನೂ ತಾನೇ ಹಾಕಿ, ಚೀಟಿ ಚುಚ್ಚಿದಳು.

"ಫೇಲಾದ್ರೆ ಯಾವ ಕಾರ್ಖಾನೆನೂ ಕರ್ಯಲ್ಲ ಟೀಚರೇ. ಮುಂದಿನ ಬ್ಯಾಚೂ ಕೊಡಲ್ಲ. ಇಪ್ಪತ್ನಾಲ್ಕು ಮನೆಯೋರು ಕಾಯ್ಕೊಂಡು ಕೂತಿದ್ರು. ಅಲ್ಲಿ ಹೋಗಿ ಕಲ್ತ್ಕೋತಾರೆ ಅಂದ್ಕೊಂಡೆ."

"ಅಲ್ಲಿ ಯಾರು ಕಲಿಸ್ತಾರೆ? ಇಲ್ಲಿ ಅವರ ಬದಲು ನೀನು ಹೊಲಿದೆ. ಅಲ್ಲಿ ಮೆಷಿನ್ನಿನ ಮುಂದೆ ಕೂರಿಸಿದಾಗ ಅವರ ಬದಲು ಯಾರು ಹೊಲೀತಾರೆ?"

ಹೋದ ಹುಡುಗಿಯರನ್ನು ಮೊದಲ ದಿನವೇ ಮೆಷಿನ್ನಿನಿಂದ ಎಬ್ಬಿಸಿ, ನೂಲು ಕತ್ತರಿಸುವ ಕೆಲಸಕ್ಕೆ ಹಾಕಿದ್ದಾರೆಂದು ತನಗೆ ಸುದ್ದಿ ಬಂದಿದೆಯೆಂದು ವಿಶಾಲಮ್ಮ ನೆಲವನ್ನು ನೋಡುತ್ತ ಒಪ್ಪಿಕೊಂಡಳು.

ವಾಗ್ದೇವಿಯವರಿಗೆ ಕೇಳಬೇಕಾದ ಪ್ರಶ್ನೆ ಇನ್ನೊಂದಿತ್ತು. ಠಾಣೆಯಿಂದ ಹೊರಟಾಗಿನಿಂದಲೂ ಅದನ್ನು ಹಿಂದಕ್ಕೆ ತಳ್ಳುತ್ತ ಬಂದಿದ್ದರು.

"ಪರೀಕ್ಷೆಗೆ ನನ್ನನ್ನೇ ಯಾಕೆ ಕರೆಸಿದೆ? ನಿನ್ನ ಕೈ ಗುರುತು ಹಿಡಿಯೋಳು ಈ ಮೂರು ತಾಲ್ಲೂಕಿನಲ್ಲಿ ನಾನೊಬ್ಬಳೇ."

ವಿಶಾಲಮ್ಮ ಸೂಜಿಯಿಂದ ಇಳಿದಿದ್ದ ದಾರವನ್ನು ಬೆರಳಿಗೆ ಸುತ್ತಿದಳು.

"ನಿಮ್ಗೆ ಕಾಣಲ್ಲ ಅಂತ ಗೊತ್ತಿತ್ತು" ಎಂದಳು. "ಪರೀಕ್ಷೆಗೆ ಹಿಂದಿನ ತಿಂಗ್ಳು ಬಂದಾಗ ಸೂಜಿಗೆ ದಾರ ಪೋಣಿಸೋಕೆ ನಾಲ್ಕು ಸಲ ನೋಡಿದ್ರಿ. ಆಮೇಲೆ ಹುಡುಗಿ ಕೈಗೆ ಕೊಟ್ಟು, ನೀನು ಪೋಣಿಸು, ಕಲಿ, ಅಂದ್ರಿ. ಕಾಣಲ್ಲ ಅಂತ ನೀವು ಯಾರಿಗೂ ಹೇಳೋರಲ್ಲ. ನಾನು ನಿಮ್ಮನ್ನ ಬಲ್ಲೆ ಟೀಚರೇ."

ಹೊರಗೆ ಬಸ್ಸೊಂದು ಹಾರ್ನು ಹಾಕುತ್ತ ಹೋಯಿತು. ವಾಗ್ದೇವಿ ಮೇಜಿನ ಅಂಚನ್ನು ಹಿಡಿದು ಕುರ್ಚಿಯ ಮೇಲೆ ಕುಳಿತರು. ತಮ್ಮ ಜಾಣತನವನ್ನು ಯಾರಾದರೂ ವಂಚಿಸಿದ್ದರೆ ಅವರು ತಾಳಿಕೊಳ್ಳುತ್ತಿದ್ದರು. ಇವಳು ಬಳಸಿಕೊಂಡದ್ದು ತಮ್ಮ ಹಮ್ಮನ್ನು. ಅದನ್ನು ಅಷ್ಟು ಹತ್ತಿರದಿಂದ ನೋಡಬಲ್ಲವರು ಮನೆಯವರು ಮಾತ್ರ.

ಶ್ರೀಗೌರಿ ಗಡಿಯಾರವನ್ನು ನೋಡಿದಳು. ಎರಡು ಗಂಟೆ ದಾಟಿತ್ತು. ತನಗೆ ಈಗ ಬೇಕಾದದ್ದು ಕಾಜಾದ ಕತೆಯಲ್ಲ, ಹುಡುಗಿ ಎಂದಳು. ಮೂರನೆಯ ತಾರೀಕು ಕಾವ್ಯಾ ಕಾರ್ಖಾನೆಯ ಬಸ್ಸು ಹತ್ತಿದಳೋ ಇಲ್ಲವೋ?

ಹತ್ತಲಿಲ್ಲವೆಂದು ವಿಶಾಲಮ್ಮ ಹೇಳಿದಳು. ಆ ಬೆಳಿಗ್ಗೆ ಒಂಬತ್ತಕ್ಕೆ ಕಾವ್ಯಾ ಬಟ್ಟೆಯ ಚೀಲದೊಂದಿಗೆ ಸಾಗರದ ಕೇಂದ್ರಕ್ಕೆ ಬಂದು, ಪ್ರಮಾಣಪತ್ರವನ್ನು ಮೇಜಿನ ಮೇಲೆ ಇಟ್ಟಳಂತೆ. ಆ ಕಾಜಾಗಳು ತನ್ನವಲ್ಲ, ಅಷ್ಟು ಜನರ ಮುಂದೆ ದೊಡ್ಡ ಟೀಚರು ಹೊಗಳಿದ ಮೇಲೆ ತನಗೆ ನಿದ್ದೆ ಬರುತ್ತಿಲ್ಲ, ಅವರಿಗೆ ನಿಜ ಹೇಳಿದ ಮೇಲೆಯೇ ಎಲ್ಲಿಗಾದರೂ ಹೋಗುವುದು ಎಂದಳಂತೆ. ವಿಶಾಲಮ್ಮ ಕೈಹಿಡಿದು ಬೇಡಿದರೂ ನಿಲ್ಲದೆ ಹೊರಟುಹೋದಳು.

"ಎಲ್ಲಿಗೆ?" ಎಂದಳು ಶ್ರೀಗೌರಿ.

ವಿಶಾಲಮ್ಮ ಅಚ್ಚರಿಯಿಂದ ತಲೆಯೆತ್ತಿದಳು. ಅವಳು ನೋಡಿದ್ದು ಪೊಲೀಸಿನವಳನ್ನಲ್ಲ, ಗುರುವನ್ನು.

"ನಿಮ್ಮನೆಗೇ ಬಂದಿದ್ಲಲ್ಲ ಟೀಚರೇ."

"ನನ್ನ ಮನೆಗೆ ಯಾರೂ ಬರಲಿಲ್ಲ. ಮೂರನೇ ತಾರೀಕು ನಾನು ಶಿವಮೊಗ್ಗದ ಆಸ್ಪತ್ರೆಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದೆ. ಮನೆಗೆ ಬಂದಿದ್ದು ಆರಕ್ಕೆ."

ವಿಶಾಲಮ್ಮನ ಮುಖದಲ್ಲಿದ್ದ ನಾಚಿಕೆ ಅಳಿಸಿಹೋಗಿ ಅದರ ಜಾಗದಲ್ಲಿ ಬೇರೇನೋ ಬಂತು.

"ಶಿವಮೊಗ್ಗದಲ್ಲಾ? ಮತ್ತೆ ಗಿರಿಧರ ಭಟ್ರು ಹತ್ತು ಗಂಟೆಗೆ ನಿಮ್ಮನೆಯಿಂದ್ಲೇ ಫೋನ್ ಮಾಡಿದ್ರು. ಹುಡುಗಿ ಬಂದು ಟೀಚರ ಹತ್ರ ಎಲ್ಲ ಹೇಳಿದ್ಲು, ವಿಶಾಲನ ಹೆಸರು ಕೆಡೋದು ಬೇಡ ಅಂತ ಟೀಚರು ಹೇಳಿದಾರೆ, ಹುಡುಗೀನ ನಾನೇ ಕಾರಲ್ಲಿ ಊರಿನ ಬಸ್ಸಿಗೆ ಬಿಡ್ತೀನಿ, ನೀನು ಯಾರಿಗೂ ಬಾಯಿ ಬಿಡಬೇಡ ಅಂದ್ರು. ಹತ್ತನೇ ತಾರೀಕು ಮತ್ತೆ ಫೋನ್ ಬಂತು. ಕಾವ್ಯಾಂದು ಹಳೇ ಫೋಟೋ ಇದ್ರೆ ಅದನ್ನೇ ಸೇರ್ಸು, ಟೀಚರೇ ಹೇಳ್ತಿದಾರೆ ಅಂದ್ರು."

ಶ್ರೀಗೌರಿ ಕಿಟಕಿಯ ಕಡೆ ನೋಡಿದಳು.

"ನೀವು ಎಲ್ಲ ತಿಳ್ಕೊಂಡು, ಹುಡುಗೀನೂ ಎಲ್ಲೋ ನೆಲೆ ಮಾಡ್ಸಿ, ನನ್ನನ್ನ ಕಾಪಾಡಿದ್ರಿ ಅಂದ್ಕೊಂಡೆ" ಎಂದಳು ವಿಶಾಲಮ್ಮ. "ಹದಿನಾರು ದಿನದಿಂದ, ನೀವು ಬಂದು ಬೈದ್ರೆ ಸಾಕು ಅಂತ ಕಾಯ್ತಿದ್ದೆ. ನೀವು ಬರಲಿಲ್ಲ. ಕ್ಷಮಿಸಿದ್ರಿ ಅಂದ್ಕೊಂಡು ನಾನೂ ಸುಮ್ಮನಾದೆ."

ಆರನೆಯ ತಾರೀಕು ಶಿವಮೊಗ್ಗದಿಂದ ಮನೆಗೆ ಬಂದ ಸಂಜೆ ವಾಗ್ದೇವಿಯವರ ಕಣ್ಣ ಮುಂದೆ ನಿಂತಿತು. ತಾವಿಲ್ಲದಾಗ ಯಾರಾದರೂ ಬಂದಿದ್ದರೇ ಎಂದು ವಾಡಿಕೆಯಂತೆ ಕೇಳಿದ್ದರು. ಕಣ್ಣಿಗೆ ಹಾಕುವ ಔಷಧಿಯ ಸೀಸೆಯನ್ನು ಅಲುಗಿಸುತ್ತ ಗಿರಿಧರ, "ಯಾರೂ ಬೈಂದ್ವಿಲ್ಲೆ ಅತ್ತೆ" ಎಂದು, ಯಾರೂ ಬಂದಿಲ್ಲವೆಂದು ತಲೆಯಾಡಿಸಿದ್ದ. ಆಮೇಲೆ ಅವರ ತಲೆಯನ್ನು ಮೆತ್ತಗೆ ಹಿಂದಕ್ಕೆ ಒರಗಿಸಿ, ರೆಪ್ಪೆಯನ್ನು ಬೆರಳಿನಿಂದ ಬಿಡಿಸಿ, ಹನಿ ಬಿಟ್ಟಿದ್ದ. ಅಂದಿನಿಂದ ಇಂದು ಬೆಳಗಿನವರೆಗೆ, ನಾಲ್ಕು ತಾಸಿಗೊಮ್ಮೆ, ಒಂದು ಸಲವೂ ಮರೆಯದೆ, ಅವನೇ ಹನಿ ಬಿಟ್ಟಿದ್ದ.

ಅವರು ಎದ್ದು ಕಿಟಕಿಯ ಬಳಿಗೆ ಹೋದರು. ಕೆಳಗೆ ಗಿರಿಧರ ಕಾರಿನ ಹಿಂಬಾಗಿಲು ತೆರೆದು, ಹಿಂದಿನ ಆಸನವನ್ನು ಬಟ್ಟೆಯಿಂದ ಒರೆಸುತ್ತಿದ್ದ. ಕೆಲಸ ನಿಲ್ಲಿಸಿ ತಲೆಯೆತ್ತಿ ನೋಡಿದ. ಅತ್ತೆಯನ್ನು ಕಂಡು, ಇನ್ನೂ ಎಷ್ಟು ಹೊತ್ತು ಎಂಬಂತೆ ಕೈಯಾಡಿಸಿ ನಕ್ಕ.

ವಾಗ್ದೇವಿ ನಗಲಿಲ್ಲ. ಕಿಟಕಿಯಿಂದ ಸರಿಯಲೂ ಇಲ್ಲ. ಸರಿದರೆ ಅವನಿಗೆ ಅನುಮಾನ ಬಂದೀತು. ಅವನ ಕಡೆಗೇ ಮುಖ ಮಾಡಿ, ಇನ್ನು ಐದು ನಿಮಿಷವೆಂದು ಐದು ಬೆರಳು ತೋರಿಸಿದರು.

ಅವರ ಬೆನ್ನ ಹಿಂದೆ ಶ್ರೀಗೌರಿ ಬಾಗಿಲಿನ ಚಿಲಕ ಹಾಕಿದಳು. ಮೊಬೈಲಿನಲ್ಲಿ ಧ್ವನಿಮುದ್ರಣ ಒತ್ತಿ, ಅದನ್ನು ಅರ್ಧಕ್ಕೆ ನಿಂತ ಕಾಜಾದ ಪಕ್ಕದಲ್ಲಿ ಮೇಜಿನ ಮೇಲಿಟ್ಟಳು.

"ವಿಶಾಲಮ್ಮ" ಎಂದಳು, ಕೆಳಗೆ ಕೇಳಿಸದಷ್ಟು ಮೆಲ್ಲಗೆ. "ಫೋನಿನಲ್ಲಿ ಅವರು ಹೇಳಿದ್ದನ್ನ ಇನ್ನೊಂದು ಸಲ ಹೇಳಿ. ಮೊದಲಿಂದ. ಒಂದು ಮಾತೂ ಬಿಡಬೇಡಿ."